ಹೊಸ ಲಘು ವಿಮಾನ: ಮೊದಲು ತೂಕ ನೋಡಿ

ಮಾನ್ಯ ಸಂಪಾದಕರೇ,

ಖಾಸಗಿ ಪೈಲಟ್‌ಗಳಿಗೆ ಹೊಸ ಲೈಟ್ ಸ್ಪೋರ್ಟ್ ವಿಮಾನವೇ (ಹವ್ಯಾಸಕ್ಕೆ ಹಾರಿಸುವ, ಇಬ್ಬರು ಕೂರುವ ಹಗುರ ವಿಮಾನ) ಸರಿ ಎಂಬ ಮಾತು ಈಗ ಜಾಸ್ತಿ ಕೇಳುತ್ತಿದೆ. ನಾನೂ ಕೊಳ್ಳಲು ಹೊರಟವನೇ. ಕೈ ತಡೆದದ್ದು ದುಡ್ಡಲ್ಲ, ತೂಕ.

ಅಮೆರಿಕದ 2004ರ ನಿಯಮ ಇವುಗಳ ಒಟ್ಟು ತೂಕಕ್ಕೆ 600 ಕೆಜಿ ಮಿತಿ ಹಾಕಿತ್ತು. ನಾನು ನೋಡಿದ ವಿಮಾನ ಪ್ಯಾರಾಚೂಟ್, ದೊಡ್ಡ ಡಿಜಿಟಲ್ ಪರದೆ ಎಲ್ಲ ಸೇರಿ ಖಾಲಿಯೇ 390 ಕೆಜಿ. ನಾನು 88, ಹೆಂಡತಿ 70 (ಇದು ಅವಳ ಕಣ್ಣಿಗೆ ಬೀಳದಿರಲಿ), ಬ್ಯಾಗು 12. ಉಳಿದದ್ದು 40 ಕೆಜಿ, ಅಂದರೆ ಸುಮಾರು 55 ಲೀಟರ್ ಪೆಟ್ರೋಲ್. ಗಂಟೆಗೆ 18-20 ಲೀಟರ್ ಕುಡಿದರೆ, ಮೀಸಲು ಬಿಟ್ಟು ಎರಡು ಗಂಟೆ ಚಿಲ್ಲರೆ. ಅಷ್ಟಕ್ಕೇ ಹೊಸದು ಬೇಕಾ?

ಒಪ್ಪುತ್ತೇನೆ, ಇಂಥ ವಿಮಾನಗಳಲ್ಲಿ ಸಾಮಾನ್ಯವಾದ ರೋಟ್ಯಾಕ್ಸ್ 912 ಎಂಜಿನ್ ಕಾರಿನ ಪೆಟ್ರೋಲಿನಲ್ಲೂ ಓಡುತ್ತದೆ. ಒಬ್ಬರೇ ಸಂಜೆ ಹೊತ್ತು ಸುಮ್ನೆ ಸುತ್ತುವವರಿಗೆ ಅದಕ್ಕಿಂತ ಸುಖವಿಲ್ಲ. ಆದರೆ ಅಡ್ಡಗಾಳಿ ಬೀಸಿದ ದಿನ ಇಳಿಸುವಾಗ ಆ ವಿಮಾನ ಗಾಳಿಪಟದಂತೆ ಅಲ್ಲಾಡಿತು. ನನ್ನ ಅಂಗೈ ಒದ್ದೆಯಾಗಿತ್ತು.

2025ರಲ್ಲಿ ಅಮೆರಿಕ ಆ ತೂಕದ ಮಿತಿ ಬಿಟ್ಟು ಸ್ಟಾಲ್ ವೇಗವನ್ನು (ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು) ಅಳತೆಗೋಲು ಮಾಡಿಕೊಂಡಿದೆ. ಇನ್ನು ಗಟ್ಟಿ ವಿಮಾನಗಳು ಬರುತ್ತವೆ. ಹಾಗಿದ್ದ ಮೇಲೆ ಈಗಲೇ ಯಾಕೆ ಅವಸರ, ಅಲ್ವಾ? ನಾನಂತೂ ಸದ್ಯಕ್ಕೆ ಇಬ್ಬರು ಗೆಳೆಯರ ಜೊತೆ ನಾಲ್ಕು ಸೀಟಿನ ಹಳೆಯ ಸೆಸ್ನಾ 172 ವಿಮಾನದಲ್ಲಿ ಪಾಲು ತೆಗೆದುಕೊಂಡಿದ್ದೇನೆ.

ಇಂತಿ,
ಒಬ್ಬ ಹವ್ಯಾಸಿ ಪೈಲಟ್