ಮಗಳ ಮಣಿಕಟ್ಟು ಕಟ್ಟಿಹಾಕಬೇಡ ಕಣೋ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಬಂದು ಎರಡು ದಿನವಾಯಿತು. ಮಗಳು ಬ್ಯಾಡ್ಮಿಂಟನ್ ಆಡುವಾಗ ನೆಟ್ ಹತ್ತಿರ ಏನೇನೋ ಕೈಚಳಕ ಮಾಡಲು ಹೋಗಿ ಪಾಯಿಂಟ್ ಕಳೆಯುತ್ತಾಳೆ, ಕೋಚ್ ಬೈದರು, ಇವಳಿಗೆ ಹೇಗೆ ಬುದ್ಧಿ ಹೇಳಲಿ ಅಂತ ಕೇಳಿದ್ದೀಯ. ಆವತ್ತಿನಿಂದ ನನಗೆ ಬ್ಯಾಡ್ಮಿಂಟನ್ ಆಟಗಾರ್ತಿ ತೈ ಜು ಯಿಂಗ್ ನೆನಪಾಗುತ್ತಿದ್ದಾಳೆ.

2020ರ ಪ್ರೀಮಿಯರ್ ಬ್ಯಾಡ್ಮಿಂಟನ್ ಲೀಗ್‌ಗೆ ನಮ್ಮ ಬೆಂಗಳೂರು ರ್‍ಯಾಪ್ಟರ್ಸ್ 77 ಲಕ್ಷ ಕೊಟ್ಟು ಅವಳನ್ನು ಕರೆತಂದಾಗ ಫೋನ್ ಮಾಡಿ ಕೂಗಾಡಿದವನು ನೀನೇ ಅಲ್ವಾ? ಆ ಸಲ ಹೈದರಾಬಾದಿನಲ್ಲಿ ಕಪ್ ಕೂಡ ನಮ್ಮದೇ ಆಯಿತು.

ಅವಳು ತೈವಾನಿನ ಕಾವ್‌ಸಿಯುಂಗ್ ಊರಿನವಳು. ಅಪ್ಪ ಅಗ್ನಿಶಾಮಕ ದಳದಲ್ಲಿದ್ದರು, ಬಿಡುವಿದ್ದಾಗ ಶಟಲ್ ಆಡುತ್ತಿದ್ದರು. ಅವರ ಹಿಂದೆ ಕೋರ್ಟಿಗೆ ಹೋದ ಹುಡುಗಿ ಹದಿನೆಂಟಕ್ಕೇ ಲಂಡನ್ ಒಲಿಂಪಿಕ್ಸ್ ಆಡಿದಳು. 2016ರ ಡಿಸೆಂಬರ್‌ನಲ್ಲಿ, ಇಪ್ಪತ್ತೆರಡನೇ ವಯಸ್ಸಿಗೆ, ಜಗತ್ತಿನ ನಂಬರ್ ಒನ್. ಒಟ್ಟು 214 ವಾರ ಆ ಜಾಗದಲ್ಲಿದ್ದಳು. ನಮ್ಮ ಪ್ರಕಾಶ್ ಪಡುಕೋಣೆ 1980ರಲ್ಲಿ ಗೆದ್ದ ಆಲ್ ಇಂಗ್ಲೆಂಡ್ ಟೂರ್ನಿ ಇದೆಯಲ್ಲ, ಅದನ್ನು ಅವಳು ಮೂರು ಸಲ ಗೆದ್ದಳು: 2017, 2018, 2020.

ಅವಳ ಆಟ ನೋಡುವಾಗ ನಾನು ಶಟಲ್ ನೋಡುವುದೇ ಇಲ್ಲ. ಎದುರಾಳಿಯ ಕಾಲು ನೋಡುತ್ತೇನೆ. ತೈ ಕೈ ಎತ್ತುತ್ತಾಳೆ, ಭುಜ ತಿರುಗುತ್ತದೆ, ಇನ್ನೇನು ಜೋರಾದ ಸ್ಮ್ಯಾಶ್ ಬಂತು ಅಂತ ಆಚೆಯವಳು ಹಿಂದೆ ವಾಲುತ್ತಾಳೆ. ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ಸ್ವಲ್ಪ ಸಡಿಲವಾಗುತ್ತದೆ, ಅಷ್ಟೇ. ಶಟಲ್ ನೆಟ್ ದಾಟಿ ಅಲ್ಲೇ ಬೀಳುತ್ತದೆ. ನೆಟ್ ಬಳಿ ಇನ್ನೂ ಚಂದ. ರ್‍ಯಾಕೆಟ್ ಮುಂದೆ ಹಿಡಿದು ಒಂದು ಕ್ಷಣ ಕಾಯುತ್ತಾಳೆ. ಆ ಕಾಯುವಿಕೆ ತಡೆಯಲಾರದೆ ಎದುರಿನವಳು ಮುಂದೆ ಹೆಜ್ಜೆ ಇಟ್ಟೇಬಿಡುತ್ತಾಳೆ. ಆಗ ಶಟಲ್ ಅವಳ ತಲೆಯ ಮೇಲಿಂದ ಹಿಂದಿನ ಗೆರೆಗೆ ಹೋಗುತ್ತದೆ. ಜೋರಾಗಿ ಹೊಡೆಯುವುದೇ ಇಲ್ಲ, ಎದುರಾಳಿ ಮಾತ್ರ ಸೋತು ಸುಣ್ಣವಾಗಿರುತ್ತಾಳೆ.

ತಪ್ಪುಗಳು ಅವಳದೂ ಜಾಸ್ತಿ ಕಣೋ. ಸುಮ್ನೆ ಆಡಿದ್ದರೆ ಬರುತ್ತಿದ್ದ ಪಾಯಿಂಟನ್ನು ಗೆರೆಯಾಚೆ ಹೊಡೆದು ಕಳೆಯುತ್ತಿದ್ದಳು. ರಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಸಿಂಧು ಅವಳನ್ನು 21-13, 21-15ರಲ್ಲಿ ಸೋಲಿಸಿದ್ದು ನೆನಪಿದೆಯಾ? ಟೋಕಿಯೋದಲ್ಲಿ ಸೆಮಿಫೈನಲ್‌ನಲ್ಲಿ ಅದೇ ಸಿಂಧುವನ್ನು ಸೋಲಿಸಿದಳು, ನನಗೆ ಸಿಟ್ಟು ಬಂದಿತ್ತು. ಮರುದಿನ ಫೈನಲ್‌ನಲ್ಲಿ ಚೀನಾದ ಚೆನ್ ಯು ಫೇ ಎದುರು ಮೂರನೇ ಗೇಮ್ 18-21ರಲ್ಲಿ ಕೈತಪ್ಪಿತು. ಆಗ ಸಿಂಧು ಓಡಿ ಬಂದು ಅವಳನ್ನು ತಬ್ಬಿ, ಮುಖ ಹಿಡಿದು ಸಮಾಧಾನ ಹೇಳಿದಳಂತೆ. ಅದಕ್ಕೇ ಅಳು ಬಂತು ಅಂತ ತೈ ಆಮೇಲೆ ತಾನೇ ಬರೆದುಕೊಂಡಳು. ಅದನ್ನು ಓದಿದ ಮೇಲೆ ನನ್ನ ಸಿಟ್ಟು ಇಳಿಯಿತು.

ಒಲಿಂಪಿಕ್ಸ್ ಚಿನ್ನ ಕೊನೆಗೂ ಬರಲಿಲ್ಲ. ವಿಶ್ವ ಚಾಂಪಿಯನ್‌ಶಿಪ್ ಚಿನ್ನವೂ ಇಲ್ಲ. ಪ್ಯಾರಿಸ್‌ಗೆ ಮೊಣಕಾಲು ನೋವು ಹೊತ್ತುಕೊಂಡೇ ಹೋಗಿದ್ದಳು, ಗುಂಪಿನ ಹಂತದಲ್ಲೇ ಥಾಯ್ಲೆಂಡಿನ ರಚನೋಕ್ ಇಂತಾನೋನ್‌ಗೆ ಸೋತಳು. 2025ರ ನವೆಂಬರ್‌ನಲ್ಲಿ, 31ಕ್ಕೆ, ಆಟ ನಿಲ್ಲಿಸಿದಳು.

ಚೆನ್ ಥರ ತಾಳ್ಮೆಯಿಂದ ಆಡಿದ್ದರೆ ಆ ಚಿನ್ನ ಸಿಗುತ್ತಿತ್ತು ಅನ್ನುವವರು ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಗೆರೆಯಾಚೆ ಹೊಡೆದದ್ದೂ, 214 ವಾರ ಮೇಲೆ ಕೂರಿಸಿದ್ದೂ ಒಂದೇ ಮಣಿಕಟ್ಟು. ಒಂದನ್ನು ಕತ್ತರಿಸಿ ಇನ್ನೊಂದನ್ನು ಉಳಿಸಿಕೊಳ್ಳುವುದು ಹೇಗೆ?

ಕೋಚ್ ಹೇಳುವ ಕಾಲಿನ ಅಭ್ಯಾಸ ಮಗಳು ಮಾಡಲಿ, ಅದನ್ನು ಬಿಡುವುದು ಬೇಡ. ತೈ ಕಾಲೂ ಚುರುಕಾಗಿಯೇ ಇತ್ತು. ಸಮಯಕ್ಕೆ ಮೊದಲೇ ಶಟಲ್ ಕೆಳಗೆ ನಿಂತಿದ್ದರೆ ತಾನೇ ಎದುರಾಳಿಯನ್ನು ಕಾಯಿಸಲು ಆಗುವುದು! ಆದರೆ ಕೈಚಳಕ ಮಾಡಬೇಡ ಅಂತ ನೀನು ಮಾತ್ರ ಹೇಳಬೇಡ. ಅವಳಿಗೆ ಇನ್ನೂ ಹನ್ನೆರಡು. ಈಗ ಕಳೆದ ಪಾಯಿಂಟ್ ಯಾರಿಗೆ ನೆನಪಿರುತ್ತದೆ?

2024ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಇಂಡಿಯಾ ಓಪನ್ ಫೈನಲ್ ಹುಡುಕಿ ಹಾಕು. ಅದೇ ಚೆನ್ ಎದುರು 21-16, 21-12. ತೈ ರ್‍ಯಾಕೆಟ್ ಎತ್ತಿದಾಗಲೆಲ್ಲ ನಿಲ್ಲಿಸಿ, ಶಟಲ್ ಎಲ್ಲಿ ಬೀಳುತ್ತದೆ ಅಂತ ಮಗಳನ್ನು ಕೇಳು. ನೀನೂ ಹೇಳು. ಯಾರು ಜಾಸ್ತಿ ಸರಿ ಹೇಳಿದಿರಿ ಅಂತ ನನಗೆ ಬರೆ. ಭಾನುವಾರ ಬೆಳಿಗ್ಗೆ ಬರುತ್ತೇನೆ, ಅಂಗಳದಲ್ಲಿ ನೆಟ್ ಕಟ್ಟಿಡು.

ನಿನ್ನ ಗೆಳೆಯ