ಭಾನುವಾರ ಕಂಪ್ರೆಷನ್ ಚೆಕ್: ಹಳೇ ಟ್ರ್ಯಾಕ್ಟರ್ ಇರುವವರು ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 9 ಗಂಟೆಗೆ ನಮ್ಮ ಶೆಡ್‌ನಲ್ಲಿ ಹಳೇ ಡೀಸೆಲ್ ಟ್ರ್ಯಾಕ್ಟರ್‌ಗಳ ಕಂಪ್ರೆಷನ್ (ಸಿಲಿಂಡರ್ ಒಳಗೆ ಪಿಸ್ಟನ್ ಗಾಳಿಯನ್ನು ಒತ್ತಿದಾಗ ಬರುವ ಒತ್ತಡ) ನೋಡೋಣ. ಸ್ಟಾರ್ಟ್ ಆಗಲು ಸತಾಯಿಸುವ, ಬ್ರೀದರ್ ಪೈಪಿನಿಂದ (ಎಂಜಿನ್ ಒಳಗಿನ ಗಾಳಿ ಹೊರಹೋಗುವ ಕೊಳವೆ) ಹೊಗೆ ಉಗುಳುವ ಗಾಡಿ ಇದ್ದವರು ತಪ್ಪದೆ ಬನ್ನಿ.

ಮೊದಲೇ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲಿನ ಸಣ್ಣ ಸಂದು) ಸರಿ ಮಾಡಿಸಿ, ಏರ್ ಕ್ಲೀನರ್ ಸ್ವಚ್ಛ ಮಾಡಿ, ಬ್ಯಾಟರಿ ಫುಲ್ ಚಾರ್ಜ್ ಮಾಡಿಕೊಳ್ಳಿ. ಬ್ಯಾಟರಿ ಸಾಲದೆ ನಿಧಾನಕ್ಕೆ ತಿರುಗಿದರೆ ಒಳ್ಳೆ ಎಂಜಿನ್ ಕೂಡ ಕಡಿಮೆ ತೋರಿಸುತ್ತದೆ, ಸುಮ್ನೆ ಗಾಬರಿ ಆಗುತ್ತದೆ.

ಎಂಜಿನ್ ಬಿಸಿ ಮಾಡಿ, ಡೀಸೆಲ್ ಬಂದ್ ಮಾಡಿ, ಇಂಜೆಕ್ಟರ್ ಎಲ್ಲಾ ಬಿಚ್ಚಿ, ಒಂದೊಂದೇ ಸಿಲಿಂಡರ್‌ಗೆ ಒತ್ತಡ ಅಳೆಯುವ ಗೇಜ್ ಹಾಕುತ್ತೇವೆ. ಪೆಟ್ರೋಲ್ ಗಾಡಿಯ ಗೇಜ್ ತರಬೇಡಿ, ಡೀಸೆಲ್ ಒತ್ತಡಕ್ಕೆ ಅದು ಸಾಲುವುದಿಲ್ಲ. ಕಡಿಮೆ ಬಂದ ಸಿಲಿಂಡರ್‌ಗೆ ಒಂದೇ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡುವುದು. ಮುಳ್ಳು ಮೇಲೇರಿದರೆ ಪಿಸ್ಟನ್ ರಿಂಗ್ ಅಥವಾ ಲೈನರ್ (ಸಿಲಿಂಡರ್ ಒಳಗೋಡೆ) ಸವೆದಿದೆ. ಅಲ್ಲಾಡದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಅಕ್ಕಪಕ್ಕದ ಎರಡೂ ಸಿಲಿಂಡರ್ ಕಡಿಮೆಯಾದರೆ ನನ್ನ ಮೊದಲ ಅನುಮಾನ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಮೇಲೆ.

ಆಯಿಲ್ ಮಾತ್ರ ಜಾಸ್ತಿ ಬಿಡಬೇಡಿ. ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಜಾಗ ತೀರಾ ಕಡಿಮೆ, ಆಯಿಲ್ ಗಾಳಿಯಂತೆ ಒತ್ತಿಕೊಳ್ಳುವುದಿಲ್ಲ, ಹಾಗಾಗಿ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಇಂಜೆಕ್ಟರ್ ತೂತಿನ ಹತ್ತಿರ ಕೈ, ಮುಖ ತರಬೇಡಿ.

ಬರುವವರು ಶನಿವಾರ ಸಂಜೆಯೊಳಗೆ ಗಾಡಿಯ ಮಾಡೆಲ್, ಎಷ್ಟು ಸಿಲಿಂಡರ್ ಅಂತ ಇಲ್ಲೇ ಹಾಕಿ. ಗೇಜ್ ಅಡಾಪ್ಟರ್ ಎಲ್ಲಕ್ಕೂ ಒಂದೇ ಅಲ್ಲ, ನಾನು ಮೊದಲೇ ಹೊಂದಿಸಿಕೊಳ್ಳಬೇಕು.