ಭಾನುವಾರದ ಬ್ಲಾಕ್‌ಬೆರಿ ಕ್ರಂಬಲ್

ಬರುವವರೆಲ್ಲ ಸ್ವಲ್ಪ ಗಮನಿಸಿ. ಬೇಲಿಸಾಲಿನ ಬ್ಲಾಕ್‌ಬೆರಿ ಈಗ ಚೆನ್ನಾಗಿ ಹಣ್ಣಾಗಿದೆ, ಸಿಹಿಗೆ ಕ್ರಂಬಲ್ಲೇ ಮಾಡೋಣ, ಅಂದರೆ ಹಣ್ಣಿನ ಮೇಲೆ ಮೈದಾ-ಬೆಣ್ಣೆಯ ಪುಡಿ ಉದುರಿಸಿ ಓವನ್ನಿನಲ್ಲಿ ಬೇಯಿಸೋದು. ಮುಟ್ಟಿದರೆ ಕೈಗೆ ಬರುವ ಹಣ್ಣನ್ನಷ್ಟೇ ಕೀಳಿ, ಅದೂ ಸೊಂಟಕ್ಕಿಂತ ಮೇಲಿನದ್ದು. ಕೆಳಗಿನದಕ್ಕೆ ನಾಯಿಗಳ ಕಾಟ, ಗೊತ್ತಲ್ಲ!

ಬ್ರಾಮ್ಲಿ ಸೇಬು, ಅಂದರೆ ಅಡುಗೆಗೆ ಬಳಸುವ ಹುಳಿ ಸೇಬು, ಯಾರಾದರೂ ತನ್ನಿ, ಅದು ಬೆಂದು ಮೆತ್ತಗಾಗಿ ಬೆರಿಯ ರಸವನ್ನೆಲ್ಲ ಹೀರಿಕೊಳ್ಳುತ್ತದೆ. ಮೇಲಕ್ಕೆ 200 ಗ್ರಾಂ ಮೈದಾ, ಬೆಣ್ಣೆ ಸಕ್ಕರೆ ತಲಾ 100 ಗ್ರಾಂ. ತಣ್ಣನೆ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ ಪುಡಿಪುಡಿ ಮಾಡಿ, ನಾದಬೇಡಿ. ಓವನ್ನಿನಲ್ಲಿ 180 ಡಿಗ್ರಿ, ಸುಮಾರು 40 ನಿಮಿಷ. ಅಂಚಲ್ಲಿ ನೇರಳೆ ರಸ ಕುದಿದು ಉಕ್ಕಬೇಕು.

ಜೊತೆಗೆ ಸುರಿದುಕೊಳ್ಳೋಕೆ ಪುಡಿಯಿಂದ ಮಾಡಿದ ಕಸ್ಟರ್ಡ್, ಮೊಟ್ಟೆ ತಿನ್ನದವರು ಚಿಂತೆ ಬಿಡಿ. ಆಲ್ಫ್ರೆಡ್ ಬರ್ಡ್ 1837ರಲ್ಲಿ ಕಸ್ಟರ್ಡ್ ಪುಡಿ ಮಾಡಿದ್ದೇ ಮೊಟ್ಟೆ ಒಗ್ಗದ ಹೆಂಡತಿಗಾಗಿ.

ಸೆಪ್ಟೆಂಬರ್ 29ರ ಮೈಕಲ್‌ಮಸ್ (ಸಂತ ಮೈಕಲ್‌ನ ಹಬ್ಬ) ಕಳೆದರೆ ಸೈತಾನ ಬೆರಿ ಮೇಲೆ ಉಗುಳುತ್ತಾನೆ ಅಂತ ಇಲ್ಲಿಯ ಹಳಬರ ಮಾತು, ಮುಂದಿನ ತಿಂಗಳಿಗೆ ಹಾಕೋದು ಬೇಡ. ಡಬ್ಬಿ ನೀವೇ ತನ್ನಿ.